ತೇರಿನ ಬೊಂಬೆ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ನಾನು ಹುಟ್ಟಿ ಬೆಳೆದ ಊರು. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಅವುಗಳಾಚೆ ಕುರುಚಲು ಕಾಡು, ಬೋಳುಬಂಡೆಯ ಗುಡ್ಡಗಳು. ಇದು ನಮ್ಮ ಸೀಮೆಯ ಚಿತ್ರ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಕೂಡುವ ಮುನ್ನ ಈ ಸೀಮೆಯಲ್ಲಿ ಹರಿಯುತ್ತದೆ. ಬೇಸಗೆ ಬಂತೆಂದರೆ ಊರೂರಿಗೂ ಜಾತ್ರೆಯ ಸಡಗರ. ಜಾತ್ರೆಯೆಂದರೆ ಹಿರಿಯರಿಗೆ ಹರಕೆ, ಹೆಂಗಸರಿಗೆ ಬಳೆಯ ಅಂಗಡಿ, ಹುಡುಗರಿಗೆ ಪುರಿ ಬತ್ತಾಸು. ನನಗೆ ಮಾತ್ರ ಇವೆಲ್ಲಕ್ಕಿಂತ ಮೇಲಾದ ಆಕರ್ಷಣೆಯೊಂದಿತ್ತು. ಅದು ತೇರಿನ ಬೊಂಬೆ.

ನನ್ನ ತಾಯಿಯ ತವರು ಉಯ್ಯಂಬಳ್ಳಿಗೆ ಹತ್ತಿರದ ಒಂದು ಹಳ್ಳಿ. ಅದರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ. ಆ ಹಳ್ಳಿಯ ತೇರು ಬಹಳ ದೊಡ್ಡದೇನಲ್ಲ. ನಾಲ್ಕು ಗಾಲಿ, ಎರಡು ಅಚ್ಚು, ಅವುಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮರದ ಪೀಠ. ಪೀಠದ ಮೇಲೆ ಏಳುವ ಗೋಪುರವು ಬಿದಿರು, ಹಗ್ಗ, ಬಣ್ಣದ ಬಟ್ಟೆಗಳದು. ಅದನ್ನು ವರ್ಷವರ್ಷವೂ ಕಟ್ಟಿ ಬಿಚ್ಚುತ್ತಿದ್ದರು. ಪೀಠ ಮಾತ್ರ ತಲೆಮಾರುಗಳಿಂದ ನಿಂತುಬಂದದ್ದು. ಅದರ ನಾಲ್ಕು ಮಗ್ಗುಲಲ್ಲಿಯೂ ಕೆತ್ತನೆಯ ಬೊಂಬೆಗಳಿದ್ದವು. ಗದೆ ಹೊತ್ತ ಹನುಮಂತ, ಕೊಳಲೂದುವ ಕೃಷ್ಣ, ಬಾಯ್ದೆರೆದ ಯಾಳಿ, ಬಿಲ್ಲು ಹಿಡಿದ ಬೇಡಿತಿ. ಇವರೆಲ್ಲರ ನಡುವೆ ಮೂಲೆಯೊಂದರಲ್ಲಿ ಮದ್ದಳೆ ಬಾರಿಸುವ ಒಬ್ಬ ಹೆಂಗಸು. ಎತ್ತರ ಎರಡು ಗೇಣು ಇದ್ದಿರಬಹುದು. ಸೊಂಟವನ್ನು ಒಂದಿಷ್ಟು ಬಳುಕಿಸಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ತಾನು ಬಾರಿಸುವುದನ್ನು ತಾನೇ ಕೇಳುತ್ತಿರುವಳೋ ಎಂಬಂತೆ ನಿಂತಿದ್ದಳು. ಅವಳ ಎಡಗೈಯ ಕಿರುಬೆರಳು ಮುರಿದಿತ್ತು.

“ಅಜ್ಜೀ, ಅವಳ ಬೆರಳು ಯಾಕೆ ಇಲ್ಲ?” ಎಂದು ನಾನು ಕೇಳಿದ್ದೆ.

“ಬಾರಿಸಿ ಬಾರಿಸಿ ಸವೆದುಹೋಯ್ತು ಕಣಪ್ಪ. ತೇರು ಹೊರಡುವಾಗ ಕಿವಿಗೊಟ್ಟು ಕೇಳು, ಅವಳ ಮದ್ದಳೆ ಸದ್ದು ಕೇಳ್ತದೆ” ಎಂದಳು ಅಜ್ಜಿ.

ತೇರು ಹೊರಟಿತು. ಹಗ್ಗ ಬಿಗಿಯಿತು, ಅಚ್ಚು ನರಳಿತು, ಗಾಲಿಗಳು ಧಡಲ್ ಧಡಲ್ ಎಂದು ಉರುಳತೊಡಗಿದವು. ಆ ಸದ್ದಿನೊಳಗೆ ನನಗೆ ಮದ್ದಳೆ ಕೇಳಿಸಿತು. ಕೇಳಿಸಿತೆಂದು ಇಂದಿಗೂ ನಂಬಿದ್ದೇನೆ. ಜನರೆಲ್ಲ ದವನ ಸಿಕ್ಕಿಸಿದ ಬಾಳೆಹಣ್ಣನ್ನು ತೇರಿನ ಕಳಸಕ್ಕೆ ಗುರಿಯಿಟ್ಟು ಎಸೆಯುತ್ತಿದ್ದರೆ, ನಾನು ನನ್ನ ಪಾಲಿನ ಹಣ್ಣನ್ನು ಅವಳ ಕಡೆಗೆ ಎಸೆದೆ. ಅದು ಹನುಮಂತನ ಮೂಗಿಗೆ ತಗುಲಿತು.

ತೇರು ನಮ್ಮವರ ಸೊತ್ತೇ ಎಂದು ನಾನು ತಿಳಿದಿದ್ದೆ. ನಮ್ಮ ಸೀಮೆಯಲ್ಲಿ ಹಾರೋಬೆಲೆ ಎಂಬ ಊರುಂಟು. ಅಲ್ಲಿನವರಲ್ಲಿ ಹೆಚ್ಚಿನವರು ಕ್ರೈಸ್ತರು. ಯೇಸುವಿನ ಯಾತನೆ ಮತ್ತು ಮರಣದ ಕಥೆಯನ್ನು ಊರವರೇ ಬಣ್ಣ ಹಚ್ಚಿ ಕನ್ನಡದಲ್ಲಿ ನಾಟಕವಾಡುವ ಸಂಪ್ರದಾಯಕ್ಕೆ ಆ ಊರು ಹೆಸರಾಗಿದೆ. ಆ ಕಡೆಯಿಂದ ಶಾಲೆಗೆ ಬರುತ್ತಿದ್ದ ಗೆಳೆಯನೊಬ್ಬ ತಮ್ಮ ಹಬ್ಬದ ತೇರಿನ ಸುದ್ದಿ ಹೇಳಿದಾಗ ನನಗೆ ಅಚ್ಚರಿಯಾಯಿತು. “ನಿಮ್ಮ ದೇವರೂ ತೇರಿನಲ್ಲಿ ಕೂರ್ತಾನೇನೋ?” ಎಂದೆ. “ಕೂರದೆ ಮತ್ತೆ? ನಡೆದುಕೊಂಡು ಬರ್ತಾನಾ?” ಎಂದು ಅವನು ನಕ್ಕುಬಿಟ್ಟ. ದೇವರು ನಡೆದೂ ಬರುತ್ತಾನೆಂಬ ಕಥೆಯನ್ನು ನಾನು ಕೇಳಿದ್ದು ಬಹುಕಾಲದ ಮೇಲೆ, ಬಹುದೂರದ ನಾಡೊಂದರಲ್ಲಿ.

ವರ್ಷಗಳು ಕಳೆದವು. ನಾನು ಓದಿ ಮೇಷ್ಟ್ರಾದೆ. ತಾಯಿಯ ತವರೂರಿಗೇ ನನಗೆ ವರ್ಗವಾಯಿತು. ೧೯೮೬ನೆಯ ಇಸವಿಯ ಮಾತು. ಅಷ್ಟರಲ್ಲಿ ಆ ಹಳೆಯ ತೇರಿನ ಅಚ್ಚು ಮುರಿದು, ಪೀಠ ಜೀರ್ಣವಾಗಿ, ಊರವರು ಚಂದಾ ಎತ್ತಿ ಹೊಸ ತೇರನ್ನು ಮಾಡಿಸಿದ್ದರು. ಹೊಸ ತೇರಿಗೆ ಕೆತ್ತನೆ ಮಾಡಿಸುವಷ್ಟು ಹಣ ಕೂಡಿರಲಿಲ್ಲ. ಹಲಗೆಗಳಿಗೆ ಬಣ್ಣ ಬಳಿದು ಸಮಾಧಾನಪಟ್ಟುಕೊಂಡಿದ್ದರು. ಹಳೆಯ ಬೊಂಬೆಗಳು ಗುಡಿಯ ಹಿಂದಿನ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಕೆಲವಕ್ಕೆ ಗೆದ್ದಲು ಹತ್ತಿತ್ತು. ಕೋಳಿಗಳು ಯಾಳಿಯ ತಲೆಯ ಮೇಲೆ ಕುಳಿತು ನಿದ್ರಿಸುತ್ತಿದ್ದವು.

ಒಂದು ದಿನ ಪಟ್ಟಣದಿಂದ ಒಬ್ಬ ವ್ಯಾಪಾರಿ ಬಂದ. ನಯವಾದ ಮಾತಿನ ಮನುಷ್ಯ. ಬೊಂಬೆಗಳನ್ನು ತಿರುವಿ ತಿರುವಿ ನೋಡಿ, ಗೆದ್ದಲು ಹತ್ತದ ಒಂಬತ್ತನ್ನು ಬೇರೆ ಇಟ್ಟು, “ಹಳೆಯ ಮರ. ಆದರೂ ಎರಡು ಸಾವಿರ ಕೊಡುತ್ತೇನೆ” ಎಂದ. ಆ ಕಾಲಕ್ಕೆ ಅದು ನನ್ನ ಎರಡು ತಿಂಗಳ ಸಂಬಳಕ್ಕೆ ಸಮವಾದ ಮೊತ್ತ. ಊರ ಹಿರಿಯರು ಮುಖ ಮುಖ ನೋಡಿಕೊಂಡು, ಕೊನೆಗೆ ನನ್ನ ಕಡೆಗೆ ತಿರುಗಿದರು. “ಮೇಷ್ಟ್ರೇ, ನೀವು ಓದಿದೋರು. ಏನು ಮಾಡಣ, ಹೇಳಿ” ಎಂದರು.

ಓದಿದವನ ಜಾಣತನ ನನ್ನಲ್ಲಿ ಅಂದು ತುಂಬಿ ತುಳುಕುತ್ತಿತ್ತು. ಗೆದ್ದಲು ತಿನ್ನುವುದಕ್ಕಿಂತ ನಾಲ್ಕು ಕಾಸು ಬರುವುದು ಮೇಲಲ್ಲವೆ? ಹೊಸ ತೇರಿಗೆ ನೆರಳಿಲ್ಲ. ಆ ಹಣದಲ್ಲಿ ತೇರಿನ ಮನೆಗೆ ತಗಡು ಹೊದಿಸಬಹುದು. “ಹಳೆಯ ಮರವನ್ನು ಕಟ್ಟಿಕೊಂಡು ಏನು ಮಾಡುತ್ತೀರಿ? ಮಾರಿಬಿಡಿ” ಎಂದೆ.

ಹೊಸ ತೇರನ್ನು ಮಾಡಿದ ಮುದುಕ ಆಚಾರಿ ಅಲ್ಲಿಯೇ ಒಂದು ಕಡೆ ಕುಳಿತಿದ್ದ. ಪ್ರತಿವರ್ಷವೂ ಜಾತ್ರೆಗೆ ಮುಂಚೆ ಬೊಂಬೆಗಳ ಧೂಳು ಒರೆಸಿ ಹೊಂಗೆಯೆಣ್ಣೆ ಹಚ್ಚುತ್ತಿದ್ದವನು ಅವನೇ. ಅವನು ಎದ್ದು ಬಂದು ಮದ್ದಳೆಗಾರ್ತಿಯನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳಿನಿಂದ ಅವಳ ಸೆರಗಿನ ನೆರಿಗೆಯನ್ನು ಸವರಿದ. “ಇದು ನಮ್ಮ ತಾತನ ಕೈ, ಸ್ವಾಮಿ. ನಮ್ಮಪ್ಪ ತೋರಿಸ್ತಿದ್ದ. ಹಳೇದಾದ್ರೆ ಹೊಳೆಗೆ ಬಿಡಬೇಕು, ಇಲ್ಲ ಗುಡಿ ಒಳಗೇ ಮಡಗಬೇಕು. ಮಾರಬಾರದು” ಎಂದ.

ಅವನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಸಂಜೆಯ ಹೊತ್ತಿಗೆ ಒಂಬತ್ತು ಬೊಂಬೆಗಳೂ ಗೋಣಿಚೀಲಗಳಲ್ಲಿ ಸುತ್ತಿಕೊಂಡು ವ್ಯಾಪಾರಿಯ ವ್ಯಾನು ಹತ್ತಿದವು. ರಸೀತಿಯಿಲ್ಲ, ಕಾಗದವಿಲ್ಲ, ಒಂದು ಭಾವಚಿತ್ರವೂ ಇಲ್ಲ. ತೇರಿನ ಬೊಂಬೆಗಳನ್ನು ಮಾರಿ ತೇರಿಗೆ ಮನೆ ಕಟ್ಟಿದೆವು.

ಈ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ ಎಂದರೆ ತಪ್ಪಾಗಲಾರದು. ನೆನಪಿಗೆ ಬಂದದ್ದು ಮೂವತ್ತು ವರ್ಷಗಳು ಕಳೆದ ಮೇಲೆ. ನಿವೃತ್ತಿಯ ತರುವಾಯ ನಾನು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅದು ಒಣ ನಾಡು; ಗುಡ್ಡ, ಕುರುಚಲು ಗಿಡ, ಕೆಂಪು ನೆಲ. ನೋಡಿದೊಡನೆ ನಮ್ಮ ಸೀಮೆಯೇ ಕಣ್ಣಿಗೆ ಕಟ್ಟಿತು. ಆ ನಾಡು ೧೮೨೧ರವರೆಗೆ ಸ್ಪೇನಿನ ದೊರೆಗಳ ವಸಾಹತಾಗಿತ್ತು. ಅನಂತರ ಮೆಕ್ಸಿಕೊ ದೇಶಕ್ಕೆ ಸೇರಿ, ೧೮೪೮ರಲ್ಲಿ ಅಮೆರಿಕದ ಪಾಲಾಯಿತು. ಅಲ್ಲಿಯ ಸಾಂತಾ ಫೆ ನಗರದಿಂದ ಸುಮಾರು ೪೦ ಕಿ.ಮೀ. ಉತ್ತರಕ್ಕೆ ಚಿಮಾಯೊ ಎಂಬ ಹಳ್ಳಿಯಿದೆ. ಸ್ಪೇನಿನ ಆಳ್ವಿಕೆಯ ಕೊನೆಗಾಲದಲ್ಲಿ, ೧೮೧೩ ರಿಂದ ೧೮೧೬ರ ವೇಳೆಗೆ, ಕಟ್ಟಿದ ಒಂದು ಚಿಕ್ಕ ಚರ್ಚು ಆ ಹಳ್ಳಿಯಲ್ಲಿ ಇದೆ. ಮಗಳು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು.

ಹಸಿ ಇಟ್ಟಿಗೆಯ ದಪ್ಪ ಗೋಡೆ, ಮರದ ತೊಲೆಯ ಮಾಡು. ಒಳಗೆ ಹೊಕ್ಕರೆ ನಮ್ಮ ಹಳ್ಳಿಯ ಹಳೆಯ ತೊಟ್ಟಿಮನೆಯ ತಂಪು. ಎದುರಿಗೆ ಬಣ್ಣ ತುಂಬಿದ ಮರದ ಪ್ರಭಾವಳಿ. ಅದರ ನಡುವೆ ಶಿಲುಬೆಯ ಮೇಲಿನ ಯೇಸು, ಅದೂ ಮರದ್ದೇ. ಗುಡಿಯ ಪಕ್ಕದ ಕೋಣೆಯಲ್ಲಿ ನೆಲಕ್ಕೆ ತೋಡಿದ ಒಂದು ಪುಟ್ಟ ಕುಳಿ. ಭಕ್ತರು ಅದರೊಳಗಿನ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ತೆಗೆದುಕೊಂಡು ಹೋಗುತ್ತಾರೆ. ಅದರಿಂದ ರೋಗ ಗುಣವಾಗುವುದೆಂದು ಅವರ ನಂಬಿಕೆ. ನಮ್ಮಲ್ಲಿ ಮೃತ್ತಿಕೆ ಎನ್ನುವುದಿಲ್ಲವೆ, ಹಾಗೆ. ಶುಭ ಶುಕ್ರವಾರದ ಹೊತ್ತಿಗೆ ಸಹಸ್ರಾರು ಜನರು ಅಲ್ಲಿಗೆ ಕಾಲ್ನಡಿಗೆಯಲ್ಲಿ ಬರುತ್ತಾರೆ.

ಆ ಹಳ್ಳಿಯಲ್ಲಿ ಬಾಲಯೇಸುವಿನ ಸನ್ನಿಧಿಯೂ ಒಂದುಂಟು. ಅದರ ಬಳಿ ಎಳೆಯ ಮಕ್ಕಳ ಪುಟ್ಟ ಪುಟ್ಟ ಬೂಟುಗಳು ಸಾಲು ಸಾಲಾಗಿ ಇದ್ದವು. ಕಾರಣ ಕೇಳಿದೆ. ಬಾಲಯೇಸು ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು, ಕಷ್ಟದಲ್ಲಿರುವವರ ಮನೆಗಳಿಗೆ ನಡೆದುಹೋಗಿ ಬರುತ್ತಾನಂತೆ. ಹಾಗಾಗಿ ಅವನ ಬೂಟುಗಳು ಸವೆಯುತ್ತವೆ. ಅದಕ್ಕೇ ಜನ ಹೊಸ ಬೂಟು ತಂದು ಒಪ್ಪಿಸುತ್ತಾರೆ. ಈ ಮಾತನ್ನು ಕೇಳಿದಾಗ ಗೆಳೆಯನ ನಗು ನೆನಪಾಯಿತು. ಅದರ ಬೆನ್ನಿಗೇ ಅಜ್ಜಿಯ ಮಾತು ಕಿವಿಯಲ್ಲಿ ಮೊಳಗಿತು: ಬಾರಿಸಿ ಬಾರಿಸಿ ಸವೆದುಹೋಯ್ತು ಕಣಪ್ಪ. ಮರದ ಮಗು ನಡೆದು ಬೂಟು ಸವೆಸುತ್ತದೆ. ಮರದ ಹೆಂಗಸು ಬಾರಿಸಿ ಬೆರಳು ಸವೆಸುತ್ತಾಳೆ. ಭೂಮಿಯ ಎರಡು ಮಗ್ಗುಲಲ್ಲಿ, ಒಬ್ಬರನ್ನೊಬ್ಬರು ಕಂಡರಿಯದ ಎರಡು ಹಳ್ಳಿಗಳ ಜನ ಒಂದೇ ಬಗೆಯಲ್ಲಿ ಪ್ರೀತಿಸಿದ್ದರು.

ಆ ದಿನದಿಂದ ನಾನು ಈ ಮರದ ಮೂರ್ತಿಗಳ ಬಗೆಗೆ ಓದತೊಡಗಿದೆ. ಇವುಗಳನ್ನು ಆ ಭಾಷೆಯಲ್ಲಿ ‘ಸಾಂತೊ’ ಎನ್ನುತ್ತಾರೆ, ಮಾಡುವವನು ‘ಸಾಂತೆರೊ’. ಸ್ಪೇನಿನವರು ೧೬ನೆಯ ಶತಮಾನದಲ್ಲಿ ಕಡಲು ದಾಟಿ ಮೆಕ್ಸಿಕೊ, ಪೆರು, ಫಿಲಿಪ್ಪೀನ್ಸ್ ಮೊದಲಾದ ನಾಡುಗಳನ್ನು ಗೆದ್ದಾಗ, ಅವರ ಹಡಗುಗಳಲ್ಲಿ ಕತ್ತಿ ಬಂದೂಕುಗಳ ಜೊತೆಗೆ ಮೂರ್ತಿಗಳೂ ಹೋದವು. ೧೫೨೧ರಲ್ಲಿ ಮೆಗಲನ್ ಎಂಬ ನಾವಿಕನು ಫಿಲಿಪ್ಪೀನ್ಸಿನ ಸೆಬು ದ್ವೀಪದ ರಾಣಿಗೆ ಬಾಲಯೇಸುವಿನ ಮರದ ಮೂರ್ತಿಯೊಂದನ್ನು ಕೊಟ್ಟನು. ೧೫೬೫ರಲ್ಲಿ ಸ್ಪೇನಿನ ಸೈನಿಕರು ಮತ್ತೆ ಅಲ್ಲಿಗೆ ಬಂದಾಗ ಊರಿಗೆ ಬೆಂಕಿ ಬಿದ್ದಿತು. ಸುಟ್ಟ ಮನೆಗಳ ನಡುವೆ ಆ ಮೂರ್ತಿ ಮಾತ್ರ ಹಾಗೆಯೇ ದೊರೆಯಿತು. ಅದು ಇಂದಿಗೂ ಸೆಬುವಿನಲ್ಲಿ ಪೂಜೆಗೊಳ್ಳುತ್ತಿದೆ. ಜನವರಿ ತಿಂಗಳ ಮೂರನೆಯ ಭಾನುವಾರ ಅದರ ಹಬ್ಬ. ಗೆದ್ದವರು ಹಲವೆಡೆ ಆ ನಾಡುಗಳ ಹಳೆಯ ದೇವರುಗಳನ್ನು ಒಡೆದು ಸುಟ್ಟರೆಂಬುದನ್ನೂ ಮರೆಯಲಾಗದು. ಕಥೆಯಲ್ಲಿ ಆ ನೋವೂ ಉಂಟು.

ಆದರೆ ಬಂದ ಮೂರ್ತಿಗಳು ಸಾಲಲಿಲ್ಲ. ಹೊಸ ಗುಡಿಗಳಿಗೆ ಹೊಸ ಮೂರ್ತಿಗಳು ಬೇಕಾದವು. ಅವನ್ನು ಕೆತ್ತಿದವರು ಆಯಾ ನೆಲದ ಜನರೇ. ಪರಾಗ್ವೆಯ ಕಡೆಯಲ್ಲಿ ಗ್ವಾರಾನಿ ಬುಡಕಟ್ಟಿನವರು, ಮನಿಲಾದಲ್ಲಿ ಚೀನೀ ಕುಶಲಕರ್ಮಿಗಳು, ನ್ಯೂ ಮೆಕ್ಸಿಕೊದಲ್ಲಿ ಬಡ ರೈತರ ನಡುವೆ ಬಾಳಿದ ಸಾಂತೆರೊಗಳು. ಅವರವರ ಮುಖದ ಚಹರೆಯೇ ಸಂತರ ಮುಖಕ್ಕೂ ಬಂದಿತು. ಮರವೂ ಆಯಾ ನೆಲದ್ದೇ. ಫಿಲಿಪ್ಪೀನ್ಸಿನ ನರ್ರಾ ಮರವು ನಮ್ಮ ಹೊನ್ನೆಯ ಕುಲಕ್ಕೆ ಸೇರಿದ್ದು. ಅಲ್ಲಿಯ ಮೊಲಾವೆ ಎಂಬ ಗಟ್ಟಿಮರವು ನಮ್ಮ ಬೇಲಿಗಳಲ್ಲಿ ಬೆಳೆಯುವ ಲಕ್ಕಿ ಗಿಡದ ಬಳಗ. ನ್ಯೂ ಮೆಕ್ಸಿಕೊದವರು ಹೊಳೆಯ ದಂಡೆಯಲ್ಲಿ ಬೆಳೆಯುವ ಕಾಟನ್‌ವುಡ್ ಎಂಬ ಮರದ ಬೇರನ್ನು ಬಳಸಿದರು. ಅದು ಹಗುರ, ಚಾಕುವಿಗೆ ಮೆತ್ತಗೆ.

ಕೆತ್ತಿದರಷ್ಟೇ ಮೂರ್ತಿಯಾಗದು. ಸ್ಪೇನಿನ ಪದ್ಧತಿಯಲ್ಲಿ ಮರದ ಮೇಲೆ ಮೊದಲು ಜಿಪ್ಸಮ್ಮಿನ ಪುಡಿಯನ್ನು ಅಂಟಿನಲ್ಲಿ ಕಲಸಿದ ಬಿಳಿಯ ಲೇಪ. ಲೇಪ ಒಣಗಿ ನಯವಾದ ಮೇಲೆ ಉಡುಪಿನ ಭಾಗಕ್ಕೆ ಕೆಮ್ಮಣ್ಣಿನ ಲೇಪ. ಅದರ ಮೇಲೆ ಚಿನ್ನದ ತೆಳುರೇಕು. ಚಿನ್ನವನ್ನು ಉಜ್ಜಿ ಹೊಳಪು ಬರಿಸಿ, ಅದು ಮುಚ್ಚುವಂತೆ ಬಣ್ಣ ಬಳಿಯುತ್ತಿದ್ದರು. ಬಣ್ಣ ಒಣಗಿದ ಬಳಿಕ ಚೂಪಾದ ಕಡ್ಡಿಯಿಂದ ಗೀರಿ ಗೀರಿ ಹೂಬಳ್ಳಿಗಳನ್ನು ಬಿಡಿಸಿದರೆ, ಗೀರಿದೆಡೆಯಲ್ಲೆಲ್ಲ ಒಳಗಿನ ಚಿನ್ನ ಹೊಳೆಯುತ್ತಿತ್ತು. ದೂರದಿಂದ ನೋಡಿದವರಿಗೆ ಜರತಾರಿಯ ಬಟ್ಟೆಯೇ ಎನಿಸುತ್ತಿತ್ತು. ಈ ಕೆಲಸಕ್ಕೆ ಎಸ್ಟೊಫಾದೊ ಎಂದು ಹೆಸರು. ನ್ಯೂ ಮೆಕ್ಸಿಕೊದ ಬಡ ಹಳ್ಳಿಗಳಿಗೆ ಚಿನ್ನ ಎಟುಕದು. ಅಲ್ಲಿನವರು ಬಿಳಿಯ ಲೇಪದ ಮೇಲೆ ಮಣ್ಣಿನ ಬಣ್ಣ, ಸೊಪ್ಪಿನ ಬಣ್ಣಗಳನ್ನೇ ಹಚ್ಚಿದರು.

ಇದನ್ನು ಓದುತ್ತಿದ್ದಂತೆ ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ನೆನಪಾದರು. ಅವರೂ ಹಗುರ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಮೆತ್ತಿ, ಕಲ್ಲಿನ ಪುಡಿಯ ಬಿಳಿಯ ಲೇಪ ಕೊಟ್ಟು, ಅದರ ಮೇಲೆ ಬಣ್ಣವನ್ನು ಏರಿಸುತ್ತಾರೆ. ನಮ್ಮ ನೆರೆಯ ಚನ್ನಪಟ್ಟಣದವರು ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೂಡಿಸುವುದನ್ನು ನೀವೂ ಕಂಡಿರಬಹುದು. ಶಿರಸಿಯ ಮಾರಿಕಾಂಬೆಯದು ಮರದ ವಿಗ್ರಹವೇ. ಪುರಿಯ ಜಗನ್ನಾಥನಿಗೂ ಮರದ ಮೈ. ಕೆಲವು ವರ್ಷಗಳಿಗೊಮ್ಮೆ, ಕಡೆಯದಾಗಿ ೨೦೧೫ರಲ್ಲಿ, ಹೊಸ ಮೂರ್ತಿಯನ್ನು ಮಾಡಿದಾಗ ಹಳೆಯದನ್ನು ಗುಡಿಯ ಆವರಣದಲ್ಲಿಯೇ ಮಣ್ಣು ಮಾಡುತ್ತಾರೆ. ಹಳೆಯದಾದರೆ ಗುಡಿಯೊಳಗೇ ಇಡಬೇಕು ಎಂದ ಆಚಾರಿಯ ಮಾತಿನಲ್ಲಿ ಎಷ್ಟು ದೊಡ್ಡ ಪರಂಪರೆಯಿತ್ತೆಂಬುದು ನನಗೆ ಆಗ ಹೊಳೆಯಿತು.

ಸ್ಪೇನಿನ ಕಥೆ ನಮಗೆ ತೀರ ಹೊರಗಿನದೂ ಅಲ್ಲ. ೧೫೮೦ ರಿಂದ ೧೬೪೦ರವರೆಗೆ ಪೋರ್ಚುಗಲ್ ದೇಶವು ಸ್ಪೇನಿನ ದೊರೆಯ ಅಧೀನದಲ್ಲಿದ್ದುದರಿಂದ, ಪೋರ್ಚುಗೀಸರ ಗೋವೆಯೂ ಆ ಅರವತ್ತು ವರ್ಷ ಅವನ ಆಳ್ವಿಕೆಗೇ ಒಳಪಟ್ಟಿತ್ತು. ಗೋವೆಯ ಚರ್ಚುಗಳಿಗೆ ಮರದಲ್ಲಿ, ದಂತದಲ್ಲಿ ಮೂರ್ತಿಗಳನ್ನು ಕೆತ್ತಿದವರು ಇಲ್ಲಿಯವರೇ. ಹಿಂದೂ ಕುಶಲಕರ್ಮಿಗಳು ಕ್ರೈಸ್ತ ಮೂರ್ತಿಗಳನ್ನು ಮಾಡಬಾರದೆಂದು ೧೬ನೆಯ ಶತಮಾನದಲ್ಲಿ ಆಜ್ಞೆ ಹೊರಟಿತು. ಆಜ್ಞೆ ಹೊರಟಿತೆಂದರೆ ಅವರು ಮಾಡುತ್ತಿದ್ದರೆಂದೇ ಅರ್ಥವಲ್ಲವೆ? ೧೭ನೆಯ ಶತಮಾನದ ನಡುವಿನಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಮಿ ಎಂಬ ಜೆಸ್ಯೂಟ್ ಪಾದ್ರಿಯು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಸೀಮೆಯಲ್ಲಿ ಕ್ರೈಸ್ತ ಮತವನ್ನು ಬೋಧಿಸಿದನು. ದೇವರು ಯಾವ ಮತದವನಾದರೂ ಉಳಿ ಹಿಡಿದ ಕೈ ಬಹುಮಟ್ಟಿಗೆ ನೆಲದ ಕೈಯೇ ಆಗಿತ್ತು.

ಆ ಕೈಗಳ ಹೆಸರು ಮಾತ್ರ ಉಳಿಯಲಿಲ್ಲ. ನ್ಯೂ ಮೆಕ್ಸಿಕೊದಲ್ಲಿ ೧೮ನೆಯ ಶತಮಾನದ ಕೊನೆಗೆ ಬಾಳಿದ ಒಬ್ಬ ಶ್ರೇಷ್ಠ ಕಲಾವಿದನನ್ನು ವಿದ್ವಾಂಸರು ‘ಲಗೂನಾ ಸಾಂತೆರೊ’ ಎಂದು ಕರೆಯುತ್ತಾರೆ. ಲಗೂನಾ ಎಂಬುದು ಅವನ ಹೆಸರಲ್ಲ. ಅವನ ಕೆಲಸವಿರುವ ಊರಿನ ಹೆಸರು. ಊರೊಂದು ತನ್ನ ಹೆಸರನ್ನು ಅವನಿಗೆ ಕೊಟ್ಟು ಕಾಪಾಡಿದೆ. ಮೂರ್ತಿಯನ್ನು ಊರಿನಿಂದ ಕಿತ್ತರೆ ಆ ಹೆಸರೂ ಹೋಗುತ್ತದೆ.

ಚಿಮಾಯೊ ಗುಡಿಗೂ ಒಮ್ಮೆ ಆ ಗತಿ ಬರುವುದರಲ್ಲಿತ್ತು. ಅದು ಹಿಂದೆ ಒಂದು ಕುಟುಂಬದ ಸ್ವತ್ತಾಗಿತ್ತು. ಆ ಕುಟುಂಬಕ್ಕೆ ಬಡತನ ಬಂದಾಗ ಗುಡಿ ಮಾರಾಟಕ್ಕೆ ಬಂದಿತು. ಹಳೆಯ ವಸ್ತುಗಳ ವ್ಯಾಪಾರಿಗಳು ಸಾಂತೊಗಳನ್ನು ಹುಡುಕಿಕೊಂಡು ಹಳ್ಳಿಹಳ್ಳಿ ತಿರುಗುತ್ತಿದ್ದ ಕಾಲವದು. ಆಗ ಮೇರಿ ಆಸ್ಟಿನ್ ಎಂಬ ಲೇಖಕಿಯೂ ಅವರ ಗೆಳೆಯರೂ ೧೯೨೫ರಲ್ಲಿ ಸ್ಥಾಪಿಸಿದ್ದ ಸ್ಪ್ಯಾನಿಷ್ ವಸಾಹತು ಕಲೆಗಳ ಸಂಘವು ಹಣ ಕೂಡಿಸಿತು. ೧೯೨೯ರಲ್ಲಿ ಗುಡಿಯನ್ನು ಕೊಂಡು, ತನ್ನಲ್ಲಿ ಇಟ್ಟುಕೊಳ್ಳದೆ, ಸಾಂತಾ ಫೆಯ ಧರ್ಮಪ್ರಾಂತಕ್ಕೆ ಒಪ್ಪಿಸಿತು. ಅದರಿಂದಾಗಿ ಇಂದಿಗೂ ಅಲ್ಲಿ ಪೂಜೆ ನಡೆದಿದೆ. ಅಲ್ಲಿಯೂ ಬಡತನ, ಇಲ್ಲಿಯೂ ಬಡತನ. ಅಲ್ಲಿ ಓದು ಬರಹ ಬಲ್ಲವರು ‘ತಡೆಯಿರಿ’ ಎಂದರು. ಇಲ್ಲಿ ಓದು ಬರಹ ಬಲ್ಲ ನಾನು ‘ಮಾರಿಬಿಡಿ’ ಎಂದೆ.

ಊರಿಗೆ ಹಿಂದಿರುಗುವ ಮುನ್ನ ಸಾಂತಾ ಫೆಯ ಬೀದಿಯೊಂದರಲ್ಲಿ ನಡೆಯುತ್ತಿದ್ದೆವು. ಹಳೆಯ ವಸ್ತುಗಳ ಅಂಗಡಿಯೊಂದರ ಗಾಜಿನ ಹಿಂದೆ ಸಾಂತೊಗಳ ಸಾಲಿತ್ತು. ಸಾಲಿನ ಕೊನೆಯಲ್ಲಿ, ಕಬ್ಬಿಣದ ಸಲಾಕೆಯೊಂದರ ಮೇಲೆ ಚುಚ್ಚಿ ನಿಲ್ಲಿಸಿದ ಒಂದು ಮರದ ಬೊಂಬೆ. ಸೊಂಟ ಬಳುಕಿಸಿದ ಹೆಂಗಸು, ಸೊಂಟಕ್ಕೆ ಮದ್ದಳೆ. ನನ್ನ ಎದೆ ಧಸಕ್ಕೆಂದಿತು. ಒಳಗೆ ಹೋದೆ. ಕೆಳಗಿದ್ದ ಚೀಟಿಯಲ್ಲಿ ‘ತೇರಿನ ಶಿಲ್ಪ, ದಕ್ಷಿಣ ಭಾರತ, ೧೯ನೆಯ ಶತಮಾನ, ಶಿಲ್ಪಿ ಅಜ್ಞಾತ’ ಎಂಬರ್ಥದ ಇಂಗ್ಲಿಷ್ ಬರಹ, ಅದರಡಿ ಬೆಲೆ. ಎಣ್ಣೆ ಕಾಣದೆ ಮರ ಬೂದುಬಣ್ಣಕ್ಕೆ ತಿರುಗಿತ್ತು. ನಾನು ಬಾಗಿ ಅವಳ ಎಡಗೈಯನ್ನು ನೋಡಿದೆ.

ಐದು ಬೆರಳುಗಳೂ ಇದ್ದವು. ಅವಳು ನಮ್ಮವಳಲ್ಲ.

ಆ ಕ್ಷಣದಲ್ಲಿ ಮನಸ್ಸು ಹಗುರವಾಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಅಂಗಡಿಯ ಹೊಸ್ತಿಲು ದಾಟುವುದರೊಳಗೆ ಆ ಸಮಾಧಾನ ಇಂಗಿಹೋಯಿತು. ನಮ್ಮವಳಲ್ಲದಿದ್ದರೆ ಇನ್ನಾವುದೋ ಊರಿನವಳು. ಆ ಊರಿನಲ್ಲಿಯೂ ಯಾವುದೋ ಮಗು ಅವಳ ಮದ್ದಳೆಯ ಸದ್ದಿಗೆ ಕಿವಿಗೊಟ್ಟಿರಬೇಕು. ಶಿಲ್ಪಿ ಅಜ್ಞಾತನಂತೆ! ಅಜ್ಞಾತನಲ್ಲ, ಅವನನ್ನು ಅಜ್ಞಾತನನ್ನಾಗಿ ಮಾಡಿದ್ದೇವೆ. ನಮ್ಮ ಬೊಂಬೆಯ ಶಿಲ್ಪಿ ಯಾರೆಂದು ಹೇಳಬಲ್ಲವನೊಬ್ಬ ಅಂದು ನನ್ನೆದುರಿಗೇ ನಿಂತಿದ್ದ. ‘ನಿಮ್ಮ ತಾತನ ಹೆಸರೇನು?’ ಎಂದು ಕೇಳುವುದು ನನಗೆ ತೋಚಲಿಲ್ಲ.

ನಾನು ಅರಿಯದೆ ಮಾಡಿದೆ ಎನ್ನುವ ಹಾಗೂ ಇಲ್ಲ. ಅರಿಯುವುದು ನನ್ನ ಕರ್ತವ್ಯವಾಗಿತ್ತು. ನಮ್ಮ ದೇಶದ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆ ೧೯೭೨ರಲ್ಲಿಯೇ ಆಗಿ, ೧೯೭೬ರಿಂದ ಜಾರಿಯಲ್ಲಿದೆ. ನೂರು ವರ್ಷ ತುಂಬಿದ ಶಿಲ್ಪವು ಅದರ ಪ್ರಕಾರ ಪುರಾತನ ವಸ್ತು. ಪರವಾನಗಿಯಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಬೇರಾರೂ ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಕದ್ದದ್ದೋ ಮಾರಿದ್ದೋ ಮರಳಿ ಬರಬೇಕಾದರೆ, ಅದು ನಮ್ಮದೆಂದು ತೋರಿಸಲು ಭಾವಚಿತ್ರ ಬೇಕು, ಅಳತೆ ಬೇಕು, ಗುರುತು ಬೇಕು. ನಮ್ಮ ಹಳ್ಳಿಗಳಲ್ಲಿ ಪ್ರೀತಿಯಿದೆ, ಪಟ್ಟಿಯಿಲ್ಲ.

ಊರಿಗೆ ಬಂದವನೇ ಆ ಹಳ್ಳಿಗೆ ಹೋದೆ. ಮುದುಕ ಆಚಾರಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವನ ಮೊಮ್ಮಗ ಯಂತ್ರವಿಟ್ಟುಕೊಂಡು ಬಾಗಿಲು ಕಿಟಕಿಗಳನ್ನು ಮಾಡುತ್ತಾನೆ. “ನಿಮ್ಮ ತಾತನ ತಾತನ ಹೆಸರು ಗೊತ್ತೇನಪ್ಪ?” ಎಂದು ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿ, “ಇಲ್ಲ ಸಾರ್. ನಮ್ಮ ತಾತನಿಗೆ ಗೊತ್ತಿತ್ತು” ಎಂದ. ನಾನು ನಡೆದುದನ್ನೆಲ್ಲ ಅವನಿಗೆ ಹೇಳಿ, “ತಪ್ಪು ನನ್ನದು” ಎಂದೆ. ಅವನು ನನ್ನನ್ನು ಜರೆಯಲಿಲ್ಲ. ಒಳಗೆ ಹೋಗಿ ಒಂದು ಹಳೆಯ ಉಳಿಯನ್ನು ತಂದು ತೋರಿಸಿದ. ಹಿಡಿ ಸವೆದು, ಹೆಬ್ಬೆರಳು ಕೂರುವ ಕಡೆ ಸಣ್ಣ ಹಳ್ಳವಾಗಿತ್ತು. “ಇದು ಮಾತ್ರ ಅವರ ಕಾಲದ್ದಂತೆ” ಎಂದ. ನನ್ನ ಹೆಬ್ಬೆರಳನ್ನು ಆ ಹಳ್ಳದಲ್ಲಿ ಇಟ್ಟು ನೋಡಿದೆ. ಅದು ನನ್ನ ಬೆರಳಿಗೆ ಹೊಂದಲಿಲ್ಲ.

ಅನಂತರ ನಾನೂ ಆ ಊರಿನ ಶಾಲೆಯ ಕೆಲವು ಮಕ್ಕಳೂ ಸೇರಿ ಒಂದು ಪುಸ್ತಕ ಮಾಡಿದೆವು. ಗೆದ್ದಲು ಹತ್ತಿದ್ದವೆಂದು ವ್ಯಾಪಾರಿ ಬಿಟ್ಟುಹೋದ ಐದು ಬೊಂಬೆಗಳು ಕೊಟ್ಟಿಗೆಯ ಮೂಲೆಯಲ್ಲಿ ಇನ್ನೂ ಇದ್ದವು. ಅವುಗಳ ಭಾವಚಿತ್ರ ತೆಗೆದೆವು. ಎತ್ತರ ಅಗಲಗಳನ್ನು ಅಳೆದು ಬರೆದೆವು. ಮುದುಕಿಯರನ್ನು ಕೇಳಿ ಅವುಗಳ ಹೆಸರು, ಕಥೆಗಳನ್ನು ಬರೆದುಕೊಂಡೆವು. ಮೊಮ್ಮಗ ಆಚಾರಿ ಅವಕ್ಕೆ ಮತ್ತೆ ಎಣ್ಣೆ ಹಚ್ಚಿದ. ಈಗ ಅವು ಗುಡಿಯೊಳಗೆ, ಜನ ಕಾಣುವೆಡೆಯಲ್ಲಿ ಇವೆ. ಹಾರೋಬೆಲೆಯ ಕಡೆಯ ಗೆಳೆಯ ಈ ಪುಸ್ತಕವನ್ನು ನೋಡಿ, ತನ್ನ ಮನೆಯ ಹಳೆಯ ಶಿಲುಬೆಯ ಹಿಂಬದಿಗೆ ಅದನ್ನು ಮಾಡಿದವರ ಹೆಸರನ್ನು ಬರೆದಿಟ್ಟನಂತೆ.

ಪುಸ್ತಕದ ಮೊದಲ ಪುಟದಲ್ಲಿ ಭಾವಚಿತ್ರವಿಲ್ಲ. ಅಲ್ಲಿ ಹೀಗಿದೆ: ‘ಮದ್ದಳೆಗಾರ್ತಿ. ಎತ್ತರ ಎರಡು ಗೇಣು. ತಲೆ ಒಂದು ಪಕ್ಕಕ್ಕೆ ವಾಲಿದೆ. ಎಡಗೈಯ ಕಿರುಬೆರಳು ಮುರಿದಿದೆ. ಕೆತ್ತಿದವರು: ಈ ಊರಿನ ಆಚಾರಿಯ ತಾತ. ಕೊಟ್ಟವರು: ನಾವು. ಈಗ ಎಲ್ಲಿದ್ದಾಳೆ: ತಿಳಿಯದು.’

ಆ ಪುಟವನ್ನು ಬರೆದ ಹುಡುಗಿ ನನ್ನನ್ನು ಕೇಳಿದಳು: “ಸಾರ್, ಬೆರಳು ಹೇಗೆ ಮುರಿಯಿತು ಅಂತ ಬರೀಬೇಡವಾ?”

“ಬರಿಯಮ್ಮ. ಬಾರಿಸಿ ಬಾರಿಸಿ ಸವೆದುಹೋಯಿತು ಅಂತ ಬರಿ” ಎಂದೆ.